ಬೀರುವಿನ ಗಾಜಿನಲ್ಲಿ ಅರ್ಧ ಸೆಕೆಂಡು

ತೀರಿಕೊಂಡ ಹೆಂಡತಿಯ ಮುಖ ಅಳಿಸಲು ಒಪ್ಪಿಗೆ ಕೊಡಿ ಎಂದು ಕಾಗದ ಬಂದರೆ ಯಾವ ಗಂಡನಿಗೆ ತಾನೇ ಬೆಳಗಿನ ಚಹಾ ಗಂಟಲಲ್ಲಿ ಇಳಿದೀತು? ಕಾಗದದಲ್ಲಿ ಹಾಗೆಂದು ಬರೆದಿರಲಿಲ್ಲ, ನಿಜ. ಬರೆದಾಕೆ ಬಹಳ ಮರ್ಯಾದಸ್ಥೆ, ಸಿನಿಮಾ ಶಾಲೆಯ ಮೇಡಂ. ‘ತಾವು ಛಾಯಾಗ್ರಹಣ ಮಾಡಿದ ಕಿರುಚಿತ್ರವನ್ನು ನಾವು ಶುದ್ಧಗೊಳಿಸಿ ಪಾಠಕ್ಕೆ ಇಟ್ಟುಕೊಳ್ಳುತ್ತಿದ್ದೇವೆ. ಹದಿನಾರನೆಯ ನಿಮಿಷದಲ್ಲಿ ಬೀರುವಿನ ಗಾಜಿನ ಕೆಳಭಾಗದಲ್ಲಿ ಚಿತ್ರತಂಡದ ಮಹಿಳೆಯೊಬ್ಬರ ಪ್ರತಿಬಿಂಬ ಬಂದಿದೆ. ಉಳಿದ ದೋಷಗಳ ಜೊತೆಗೆ ಇದನ್ನೂ ತೆಗೆಯಬಹುದೇ? ನಿರ್ದೇಶಕರು ಈಗಿಲ್ಲವಾದ್ದರಿಂದ ತಮ್ಮ ಮಾತೇ ಕೊನೆ. ಶುಕ್ರವಾರ ಮಧ್ಯಾಹ್ನ ತರಗತಿಯಲ್ಲಿ ಚಿತ್ರ ಹಾಕುತ್ತೇವೆ, ತಾವೂ ಬನ್ನಿ. ಮರುದಿನದಿಂದ ಕೆಲಸ ಶುರು’ ಎಂದು ಕೇಳಿದ್ದಳು, ಅಷ್ಟೆ.

ಚಿತ್ರತಂಡದ ಮಹಿಳೆಯೊಬ್ಬರು! ಒಕ್ಕಣ್ಣ ಆ ಸಾಲನ್ನು ಮೂರು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದ. ನಲವತ್ತೆರಡು ವರ್ಷ ಸಂಸಾರ ಮಾಡಿದವಳು ಇದ್ದಕ್ಕಿದ್ದಂತೆ ಮಹಿಳೆಯೊಬ್ಬರು ಆಗಿಬಿಟ್ಟಿದ್ದಳು.

ಒಕ್ಕಣ್ಣ ಎಂಬ ಹೆಸರು ಕೇಳಿ ಯಾರೂ ಮರುಗಬೇಕಾಗಿಲ್ಲ. ಎಪ್ಪತ್ತನಾಲ್ಕರಲ್ಲೂ ಅವನ ಎರಡು ಕಣ್ಣೂ ಗಟ್ಟಿಯಾಗಿವೆ. ಮೂವತ್ತೈದು ವರ್ಷ ಸಿನಿಮಾ ಕ್ಯಾಮೆರಾ ನಡೆಸಿದವನು. ಯಾವಾಗ ನೋಡಿದರೂ ಒಂದು ಕಣ್ಣು ಕ್ಯಾಮೆರಾಕ್ಕೆ ಅಂಟಿಕೊಂಡೇ ಇರುತ್ತಿದ್ದುದರಿಂದ ಲೈಟಿನವರು ತಮಾಷೆಗೆ ಇಟ್ಟ ಹೆಸರದು. ಇಟ್ಟವರೆಲ್ಲ ಒಬ್ಬೊಬ್ಬರಾಗಿ ಹೋದರು, ಹೆಸರು ಮಾತ್ರ ಇವನ ಬೆನ್ನು ಬಿಡಲಿಲ್ಲ.

“ಯಾಕಪ್ಪಾ, ಮುಖ ಹಾಗೆ ಮಾಡ್ಕೊಂಡಿದ್ದೀಯ?” ಎಂದಳು ಮಗಳು. ಅವಳು ಔಷಧದ ಅಂಗಡಿ ನಡೆಸುತ್ತಾಳೆ, ಒಂಬತ್ತಕ್ಕೆ ಬಾಗಿಲು ತೆಗೆಯಬೇಕು, ಆದ್ದರಿಂದ ಮನೆಯಲ್ಲಿ ಯಾವ ಮಾತನ್ನೂ ಕೂತು ಆಡುವವಳಲ್ಲ. ಅಪ್ಪ ಕಾಗದವನ್ನು ಅವಳ ಕಡೆ ತಳ್ಳಿದ. ಹೆಗಲಿಗೆ ಚೀಲ ಹಾಕಿಕೊಂಡೇ ಓದಿದಳು.

“ತೆಗೆಸಿಬಿಡು. ಅಮ್ಮ ಇದ್ದಿದ್ರೆ ತಾನೇ ಹೋಗಿ ಎದುರಿಗೆ ನಿಂತು ತೆಗೆಸಿ ಬರ್ತಿದ್ಳು. ಆ ಚಿತ್ರದ ಮಾತು ಬಂದಾಗೆಲ್ಲ ಏನಂತಿದ್ಳು, ಮರೆತ್ಯಾ?”

ಮರೆಯುವುದೆಂತು? ‘ನನ್ನ ಕೆಲಸದಲ್ಲಿ ತಪ್ಪು ಅಂತ ಆಗಿದ್ದು ಒಂದೇ ಒಂದು ಸಲ’ ಎನ್ನುತ್ತಿದ್ದಳು. ವರ್ಷಕ್ಕೆ ಎರಡು ಮೂರು ಸಲವಾದರೂ, ಯಾರದೋ ಕೆಲಸ, ಯಾರದೋ ತಪ್ಪು ಎಂದು ಮಾತು ಎಲ್ಲೆಲ್ಲೋ ಸುತ್ತಿ ಬಂದಾಗ, ಹಾಗೆಂದು ಸುಮ್ಮನಾಗುತ್ತಿದ್ದಳು.

“ಅದರಲ್ಲಿ ಬಿಟ್ರೆ ಅವಳು ಎಲ್ಲೂ ಇಲ್ಲ ಕಣೇ” ಎಂದ ಒಕ್ಕಣ್ಣ.

“ಆಲ್ಬಮ್ಮು ತುಂಬಾ ಇದ್ದಾಳೆ.”

“ಅವೆಲ್ಲ ಫೋಟೋ. ಮುಖ ತಿರುಗಿಸೋದು, ಕಣ್ಣು ಮಿಟುಕಿಸೋದು ಅದರಲ್ಲಿ ಮಾತ್ರ.”

ಮಗಳು ಕಾಗದ ಮಡಚಿ ಅವನ ಮುಂದಿಟ್ಟಳು. ಆಮೇಲೆ, “ನಿನ್ನಿಷ್ಟ. ಆದ್ರೆ ಅದು ಅಮ್ಮನ ಮರ್ಯಾದೆ ಪ್ರಶ್ನೆ ಅಪ್ಪ. ಕಾಲೇಜಿನ ಮಕ್ಕಳೆಲ್ಲ ಕೂತ್ಕೊಂಡು ‘ನೋಡ್ರೋ, ಎಂಥಾ ತಪ್ಪು’ ಅಂತ ಬೆರಳು ತೋರಿಸ್ಬೇಕಾ?” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸಾವಿರಾರು ಅಡಿ ಫಿಲ್ಮು ಸುತ್ತಿದ ಮನುಷ್ಯ ಸ್ವಂತ ಹೆಂಡತಿಯನ್ನು ಒಂದಡಿಯಷ್ಟೂ ತೆಗೆದಿಲ್ಲವೆಂದರೆ ಯಾರು ನಂಬುತ್ತಾರೆ? ತೆಗೆಯಲು ಅವಳು ಬಿಟ್ಟರೆ ತಾನೇ! ಮಗಳ ಹುಟ್ಟುಹಬ್ಬಕ್ಕೆಂದು ಪುಟ್ಟ ಕ್ಯಾಮೆರಾ ಎತ್ತಿದರೂ ಸಾಕು, ಅವಳು ಕಾಲು ಸುಟ್ಟವಳಂತೆ ಚಂಗನೆ ಪಕ್ಕಕ್ಕೆ ಸರಿಯುತ್ತಿದ್ದಳು. ಅದು ನಾಚಿಕೆಯಲ್ಲ, ಕಸುಬು. ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆ, ತಾನೆಲ್ಲಿ ನಿಂತರೆ ಅದಕ್ಕೆ ಕಾಣುವುದಿಲ್ಲ ಎಂಬುದು ಅವಳ ಮೈಗೇ ಗೊತ್ತಿತ್ತು. ಅಂಥವಳು ಒಮ್ಮೆ ಸಿಕ್ಕಿಬಿದ್ದಳು. ಸಿಕ್ಕಿಬಿದ್ದದ್ದು ಅರ್ಧ ಸೆಕೆಂಡು.

ಶುಕ್ರವಾರ ಸಿನಿಮಾ ಶಾಲೆಗೆಂದು ಹತ್ತಿದ ಮಧ್ಯಾಹ್ನ ಎರಡರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಕ್ಕಣ್ಣ ಆ ಹನ್ನೊಂದು ದಿನಗಳನ್ನು ನೆನೆದ. ನೆನೆದ ಎನ್ನುವುದೂ ತಪ್ಪು, ಅವು ಅವನನ್ನು ಬಿಟ್ಟುಹೋದದ್ದು ಯಾವಾಗ? ಇಪ್ಪತ್ತಾರು ನಿಮಿಷದ ಚಿತ್ರ, ‘ಅಣ್ಣನ ಪಾಲು’ ಎಂದು ಹೆಸರು. ಅಪ್ಪ ಸತ್ತಿದ್ದಾನೆ. ಅವನ ಗಡಿಯಾರ ರಿಪೇರಿ ಅಂಗಡಿಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಿದ್ದಾರೆ. ತಮ್ಮ ಒಂದೊಂದೇ ಗಡಿಯಾರ ಇಳಿಸಿ ಪೆಟ್ಟಿಗೆಗೆ ತುಂಬುತ್ತಾನೆ. ಅಣ್ಣ ಬೆನ್ನು ತಿರುಗಿಸಿ ಕೂತವನು ಕೂತೇ ಇದ್ದಾನೆ. ಮಾತಿಲ್ಲ, ಕತೆಯಿಲ್ಲ. ಇಷ್ಟನ್ನು ಹಿಡಿಯಲು ಅವರು ನಿಜವಾದ ಅಂಗಡಿಯೊಂದನ್ನು ಹನ್ನೊಂದು ದಿನಕ್ಕೆ ಬೇಡಿ ಪಡೆದಿದ್ದರು. ಎಂಟಡಿ ಅಗಲ, ಹದಿನೆಂಟಡಿ ಉದ್ದ, ಒಂದೇ ಕಿಟಕಿ. ಅದರೊಳಗೆ ಹದಿಮೂರು ಜನ, ಒಂದು ಕ್ಯಾಮೆರಾ, ಮಗುವಿನ ತಳ್ಳುಗಾಡಿಯ ಗಾಲಿ ಕಟ್ಟಿ ಮಾಡಿಕೊಂಡ ಟ್ರಾಲಿ, ಮತ್ತು ಐವತ್ತೊಂದು ಗಡಿಯಾರ. ಒಬ್ಬ ಸೀನಿದರೆ ಇನ್ನೊಬ್ಬನ ಅಂಗಿ ಒದ್ದೆ.

ಆ ಐವತ್ತೊಂದು ಗಡಿಯಾರ ಅವಳ, ಅಂದರೆ ಆಗಿನ ಪ್ಯಾಡಕ್ಕನ, ಪಾಲಿಗೆ ಬಂದಿದ್ದವು. ಶಾಟಿನಿಂದ ಶಾಟಿಗೆ ಏನೂ ಬದಲಾಗದಂತೆ ಕಾಯುವುದು, ಸಿನಿಮಾದವರ ಮಾತಿನಲ್ಲಿ ಕಂಟಿನ್ಯುಟಿ, ಅವಳ ಕೆಲಸ. ಯಾರ ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಲೋಟ ಯಾವ ಕೈಯಲ್ಲಿತ್ತು, ಎಲ್ಲವನ್ನೂ ಪ್ಯಾಡಿನಲ್ಲಿ ಬರೆದಿಡುತ್ತಿದ್ದಳು, ಹಾಗಾಗಿ ಪ್ಯಾಡಕ್ಕ. ಚಿತ್ರದೊಳಗೆ ನಡೆಯುವುದು ಒಂದೇ ಮಧ್ಯಾಹ್ನ, ನಾಲ್ಕರಿಂದ ಐದರವರೆಗೆ. ಹೊರಗೆ ಹನ್ನೊಂದು ದಿನ ಉರುಳುತ್ತಿದ್ದರೂ ಒಳಗೆ ಪ್ರತಿ ಗಡಿಯಾರವೂ ಆಯಾ ಶಾಟಿನ ಹೊತ್ತನ್ನೇ ತೋರಿಸಬೇಕು. ಎಲ್ಲವನ್ನೂ ನಿಲ್ಲಿಸಿ, ಶಾಟಿಗೊಮ್ಮೆ ಏಣಿ ಹತ್ತಿ ಐವತ್ತೊಂದರ ಮುಳ್ಳನ್ನೂ ಬೆರಳಿನಿಂದ ತಿರುಗಿಸುತ್ತಿದ್ದಳು. ಬೆಳಗ್ಗೆ ಹತ್ತಕ್ಕೆ ಬಂದವರಿಗೂ ನಾಲ್ಕೂ ಇಪ್ಪತ್ತು, ಊಟಕ್ಕೆ ಎದ್ದವರಿಗೂ ನಾಲ್ಕೂ ಇಪ್ಪತ್ತು. ‘ಪ್ಯಾಡಕ್ಕ, ಸ್ವಲ್ಪ ಐದೂವರೆ ಮಾಡಿ, ಮನೆಗೆ ಹೋಗ್ತೀವಿ’ ಎಂದು ಲೈಟಿನವರು ಗೋಗರೆಯುತ್ತಿದ್ದರು. ತಂಡದಲ್ಲಿ ಅವಳನ್ನು ಅಕ್ಕ ಎನ್ನದವನು ಒಕ್ಕಣ್ಣನೊಬ್ಬನೇ. ಅದೊಂದರಿಂದಲೇ ಎಲ್ಲರಿಗೂ ವಿಷಯ ತಿಳಿಯಬೇಕಿತ್ತು, ತಿಳಿಯಲಿಲ್ಲ. ಸಿನಿಮಾದವರು ಕ್ಯಾಮೆರಾದ ಮುಂದಿನದನ್ನಷ್ಟೇ ನೋಡುವ ಜನ.

ಆಗ ಅವನಿಗೆ ಇಪ್ಪತ್ತೆಂಟು. ಇಷ್ಟವಾದವಳೊಡನೆ ನೆಟ್ಟಗೆ ನಾಲ್ಕು ಮಾತು ಆಡಲು ಬಾರದು. ಹನ್ನೊಂದು ದಿನದಲ್ಲಿ ಅವನು ಅವಳಿಗೆ ಹೇಳಿದ್ದೆಂದರೆ, ‘ಸ್ವಲ್ಪ ಆ ಕಡೆ’, ‘ನೆರಳು ಬೀಳ್ತಿದೆ’, ಮತ್ತೊಮ್ಮೆ ಬಹಳ ಧೈರ್ಯ ಮಾಡಿ, ‘ಊಟ ಆಯ್ತಾ?’

ಹನ್ನೊಂದನೆಯ ದಿನ ಉಳಿದದ್ದು ಒಂದು ಶಾಟು, ಕೊನೆಯ ಫಿಲ್ಮು ರೋಲಿನ ಬಾಲ. ಇಡೀ ಚಿತ್ರ ನಿಂತಿದ್ದೇ ಆ ಶಾಟಿನ ಮೇಲೆ. ಹದಿನಾರು ನಿಮಿಷ ಅಣ್ಣನ ಬೆನ್ನನ್ನೇ ನೋಡಿದ ಮೇಲೆ, ಕ್ಯಾಮೆರಾ ಮೆಲ್ಲಗೆ ಅವನ ಹಿಂದಿನಿಂದ ಸಮೀಪಿಸುತ್ತದೆ. ಅವನೆದುರಿನ ಬೀರುವಿನ ಗಾಜಿನಲ್ಲಿ ಅವನ ಮುಖ ಕಾಣುತ್ತದೆ. ಅವನು ಅಳುತ್ತಿದ್ದಾನೆ. ಬೆನ್ನು ಕೋಪದ್ದು, ಗಾಜಿನೊಳಗಿನ ಮುಖ ದುಃಖದ್ದು. ಕಿಟಕಿಯ ಬಿಸಿಲು ಆ ಗಾಜಿಗೆ ತಾಗುವುದು ದಿನಕ್ಕೆ ಹತ್ತೇ ನಿಮಿಷ. ಎಲ್ಲ ಸಿದ್ಧವಾಗಿ, ನಿರ್ದೇಶಕರು ಬಾಯಿ ತೆರೆಯುವ ಮೊದಲು, ಕೆಳಗಿನ ಗೂಡಿನಲ್ಲಿದ್ದ ಒಂದು ಹಾಳು ಟೈಂಪೀಸು ತಾನಾಗಿ ಟಿಕ್ ಟಿಕ್ ಶುರುಮಾಡಿತು. ಕೇಳಿಸಿದ್ದು ಪ್ಯಾಡಕ್ಕನಿಗೆ ಮಾತ್ರ. ಓಡಿಹೋಗಿ ಕೌಂಟರಿನ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದರ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ‘ಆ್ಯಕ್ಷನ್’ ಎಂದುಬಿಟ್ಟರು. ಎದ್ದರೆ ಕೆಟ್ಟಿತು. ಉಸಿರು ಬಿಗಿಹಿಡಿದು ಅಲ್ಲೇ ಕೂತಳು.

ಟ್ರಾಲಿ ಮುಂದೆ ಸರಿಯಿತು. ನಟ ಅತ್ತ, ನಿಜವಾಗಿ ಅತ್ತ. ಗಾಜಿನಲ್ಲಿ ಅವನ ಮುಖ ತೇಲಿ ಬಂತು. ಕೆಳಗಿನ ಮೂಲೆಯಲ್ಲಿ ಇನ್ನೊಂದು ಮುಖವೂ ತೇಲಿ ಬಂತು.

ಒಕ್ಕಣ್ಣ ಅದನ್ನು ನೋಡಿದ್ದ. ನಲವತ್ತಾರು ವರ್ಷ ಯಾರಿಗೂ ಹೇಳದ ಮಾತು ಇದೇ. ಚೌಕಟ್ಟಿನೊಳಗೆ ಬರಬಾರದ್ದು ಬಂದರೆ ‘ಕಟ್’ ಎನ್ನುವುದು ಕ್ಯಾಮೆರಾ ಹಿಡಿದವನ ಧರ್ಮ. ಇನ್ನೂ ನಾಲ್ಕು ನಿಮಿಷ ಬಿಸಿಲಿತ್ತು. ಟ್ರಾಲಿ ಹಿಂದೆಳೆದು ಇನ್ನೊಮ್ಮೆ ಮಾಡುವಷ್ಟು ಫಿಲ್ಮೂ ಇತ್ತು. ಅವನು ಕಟ್ ಎನ್ನಲಿಲ್ಲ. ನಟ ಅಷ್ಟು ಚೆನ್ನಾಗಿ ಅಳುತ್ತಿರುವಾಗ ಹೇಗೆ ಕಡಿಯಲಿ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಸಬೂಬು ಹೇಳಿಕೊಂಡ. ಸುಳ್ಳು. ಅವನು ನಟನನ್ನು ನೋಡುತ್ತಲೇ ಇರಲಿಲ್ಲ. ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ, ಯಾವ ಅಂಜಿಕೆಯೂ ಇಲ್ಲದೆ ನೋಡಲು ಅವನಿಗೆ ಸಿಕ್ಕ ಮೊದಲ ಅವಕಾಶ ಅದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಬಾಯಿ ಕೆಲಸ ಮಾಡಲಿಲ್ಲ.

‘ಕ್ಯಾಮೆರಾ?’ ಎಂದು ನಿರ್ದೇಶಕರು ಕೇಳಿದರು.

‘ಓಕೆ’ ಎಂದ.

ಮೂರು ವಾರದ ಮೇಲೆ ಲ್ಯಾಬಿನಿಂದ ಫಿಲ್ಮು ತೊಳೆದು ಬಂದಾಗ ನಿರ್ದೇಶಕರು ಪರದೆಯ ಮುಂದೆ ಕೂಗಾಡಿದರು. ‘ಪ್ಯಾಡಕ್ಕ, ಇದು ಯಾರ ಮುಖ ರೀ?’  ನಿರ್ದೇಶಕರು ಇವನ ಕಡೆ ತಿರುಗಿ, ‘ನಿನಗೆ ಕಾಣಲಿಲ್ವೇನಯ್ಯಾ?’ ಎಂದರು. ಆಗಲಾದರೂ ಹೇಳಬಹುದಿತ್ತು. ‘ಇಲ್ಲ ಸರ್, ಬೆಳಕು ಹೊಡೀತಿತ್ತು’ ಎಂದ. ಪ್ಯಾಡಕ್ಕ ಇವನನ್ನು ಒಮ್ಮೆ ನೋಡಿದಳು. ‘ತಪ್ಪಾಯ್ತು ಸರ್’ ಎಂದಳು. ಆ ನಿರ್ದೇಶಕರು ಅವಳನ್ನು ಮತ್ತೆ ಕರೆಯಲಿಲ್ಲ. ಅವರು ಕರೆಯಲಿಲ್ಲವೆಂದು ಬೇರೆಯವರೂ ಕರೆಯಲಿಲ್ಲ. ಎರಡು ವರ್ಷ ಅವಳು ಒಂದು ಶಾಲೆಯ ಕಚೇರಿಯಲ್ಲಿ ಟೈಪು ಕುಟ್ಟಿದಳು. ಆ ಎರಡು ವರ್ಷವೂ ಇವನು ಏನಾದರೊಂದು ನೆಪ ಮಾಡಿ ಆ ಶಾಲೆಯ ಮುಂದೆ ಸುಳಿದ, ಕೊನೆಗೆ ಮದುವೆಯಾದ. ಮದುವೆಯಾದ ಮೇಲೆ ಹೇಳೋಣವೆಂದುಕೊಂಡ. ಮಗಳು ಹುಟ್ಟಲಿ ಎಂದುಕೊಂಡ. ಸುಖವಾಗಿದ್ದಾಗ ಇದೇಕೆ ಎಂದು ಬಿಟ್ಟ, ಜಗಳವಾದಾಗ ಇದೂ ಸೇರುವುದು ಬೇಡವೆಂದು ಬಿಟ್ಟ. ಕೊನೆಗೆ ಆಸ್ಪತ್ರೆಯ ಮಂಚದ ಪಕ್ಕ ಕೂತಾಗ ಹೇಳಿಯೇ ತೀರಬೇಕೆಂದು ಬಾಯಿ ತೆರೆದರೆ, ‘ದಿಂಬು ಸರಿ ಮಾಡ್ಲಾ?’ ಎಂಬ ಮಾತು ಬಂತು.

ಇನ್ನೂ ನಾಚಿಕೆಗೇಡಿನ ಸಂಗತಿ ಒಂದಿದೆ. ‘ನನ್ನ ತಪ್ಪು ಒಂದೇ ಸಲ’ ಎಂದು ಅವಳು ಅಂದಾಗೆಲ್ಲ ಇವನು ದೊಡ್ಡ ಮನಸ್ಸು ಮಾಡಿ, ‘ಹೋಗ್ಲಿ ಬಿಡು, ಯಾರಿಗೂ ಕಾಣಲ್ಲ’ ಎಂದು ಕ್ಷಮಿಸಿದ್ದ. ತನ್ನ ತಪ್ಪಿಗೆ ಅವಳನ್ನು ಕ್ಷಮಿಸಿದ್ದ! ನಲವತ್ತೆರಡು ವರ್ಷ, ವರ್ಷಕ್ಕೆ ಎರಡು ಮೂರು ಸಲ.

ಮಗಳು ಹೇಳಿದಂತೆ ಮಾಡಿದರೆ ಅವಳ ಮುಖ ಹೋಗುತ್ತದೆ. ಇರಲಿ ಎಂದರೆ ತಪ್ಪು ಅವಳ ತಲೆಯ ಮೇಲೆಯೇ ಉಳಿಯುತ್ತದೆ. ಬಸ್ಸು ಇಳಿಯುವ ಹೊತ್ತಿಗೆ ಒಕ್ಕಣ್ಣ ಗಟ್ಟಿ ಮಾಡಿಕೊಂಡಿದ್ದ, ಮುಖ ಇರಲಿ. ಯಾಕೆ ಎಂದು ಕೇಳಿದರೆ, ಹಳೆಯ ಚಿತ್ರ ಹಳೆಯದರ ಹಾಗೇ ಇರಬೇಕು ಎಂದು ಏನಾದರೂ ದೊಡ್ಡ ಮಾತು ಒಗೆದರಾಯಿತು. ಮುದುಕರು ದೊಡ್ಡ ಮಾತಾಡಿದರೆ ಯಾರೂ ಎದುರಾಡುವುದಿಲ್ಲ.

ಸಿನಿಮಾ ಶಾಲೆಯ ಕೋಣೆಗೆ ಕಪ್ಪು ಪರದೆ ಎಳೆದಿದ್ದರು. ಇಪ್ಪತ್ತು ಜನ ವಿದ್ಯಾರ್ಥಿಗಳು. ಹಲಗೆಯ ಮೇಲೆ ಮೇಡಂ ದುಂಡಗೆ ಮೂರು ಪದ ಬರೆದಿದ್ದಳು: ಪಾತ್ರ, ಭಾವ, ಕ್ಯಾಮೆರಾ. ಒಕ್ಕಣ್ಣನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, “ಇವರೇ ಆ ಚಿತ್ರದ ಕಣ್ಣು” ಎಂದು ಪರಿಚಯಿಸಿದಳು. ಚಪ್ಪಾಳೆ ಬಿತ್ತು. ಆಮೇಲೆ ಚಿತ್ರ ಹಾಕಿ, ಅಲ್ಲಲ್ಲಿ ನಿಲ್ಲಿಸಿ ಕೇಳತೊಡಗಿದಳು.

“ಅಣ್ಣನ ಪಾತ್ರದ ಬಗ್ಗೆ ನಮಗೆ ಏನು ಗೊತ್ತಾಗುತ್ತೆ? ಅವನು ಮಾತೇ ಆಡಿಲ್ವಲ್ಲ?”

“ಬೆನ್ನು ಹೇಳುತ್ತೆ ಮೇಡಂ” ಎಂದ ಎತ್ತರದ ಹುಡುಗನೊಬ್ಬ. “ತಮ್ಮ ಒಂದೊಂದು ಗಡಿಯಾರ ಇಳಿಸಿದಾಗಲೂ ಭುಜ ಒಂಚೂರು ಮೇಲೆ ಹೋಗುತ್ತೆ. ಶಬ್ದ ಕೇಳಿಯೇ ಯಾವ ಗಡಿಯಾರ ಅಂತ ಅವನಿಗೆ ಗೊತ್ತಾಗ್ತಿದೆ.”

ಒಕ್ಕಣ್ಣ ತಲೆದೂಗಿದ. ಆ ಭುಜವನ್ನು ಹಿಡಿಯಲು ಅವನು ಅರ್ಧ ದಿನ ಒದ್ದಾಡಿದ್ದ. ಯಾರ ಕಣ್ಣಿಗೂ ಬೀಳಲಿಲ್ಲವೆಂದು ನಲವತ್ತಾರು ವರ್ಷದಿಂದ ಕೊರಗಿದ್ದೂ ಉಂಟು. ಇಲ್ಲೊಬ್ಬನ ಕಣ್ಣಿಗೆ ಬಿತ್ತು. ಹೊಟ್ಟೆ ತಂಪಾಯಿತು.

“ಭಾವ?”

“ಕಿಟಕಿ ಬೆಳಕು ನಿಧಾನಕ್ಕೆ ನೆಲದಿಂದ ಗೋಡೆಗೆ ಏರುತ್ತೆ. ಹೊತ್ತು ಹೋಗ್ತಿದೆ, ಆದ್ರೆ ಇಬ್ಬರಿಗೂ ಎದ್ದು ಮಾತಾಡೋಕೆ ಆಗ್ತಿಲ್ಲ.” ಇದನ್ನು ಹೇಳಿದವಳು ಹಿಂದಿನ ಸಾಲಿನ ಹುಡುಗಿ. ಸಣ್ಣ ದನಿ, ದಪ್ಪ ಕನ್ನಡಕ.

“ಮತ್ತೆ ಆ ಕ್ಯಾಮೆರಾ ಹಿಂದಿನಿಂದ ಹೋಗೋದು ಇದೆಯಲ್ಲ,” ಎಂದ ಮತ್ತೊಬ್ಬ, “ನಡುವೆ ಒಂದು ಕಡೆ ಸಣ್ಣಗೆ ತಡೆಯುತ್ತೆ, ಮತ್ತೆ ಮುಂದೆ ಹೋಗುತ್ತೆ. ತಮ್ಮನ ಮನಸ್ಸು ಹಿಂಜರಿದ ಹಾಗೆ. ಅದ್ಭುತ ಸರ್. ಹೇಗೆ ಹೊಳೀತು?”

“ಗಾಲಿಗೆ ಕಡ್ಲೆಬೀಜದ ಸಿಪ್ಪೆ ಸಿಕ್ಕಿತ್ತು” ಎಂದ ಒಕ್ಕಣ್ಣ. ತರಗತಿ ಗೊಳ್ಳೆಂದಿತು. ಪಾಪ, ಹೇಳಿದವನ ಮುಖ ಸಪ್ಪಗಾಯಿತು. “ಆದ್ರೂ ನೀನು ಹೇಳಿದ್ದೇ ಸರಿ. ನಮಗೆ ಹೊಳೀದೆ ಇದ್ದದ್ದು ಸಿಪ್ಪೆಗೆ ಹೊಳೆದಿತ್ತು” ಎಂದು ಇವನೇ ಸಮಾಧಾನ ಮಾಡಿದ.

ಹದಿನಾರನೆಯ ನಿಮಿಷ ಬಂತು. ಬೆನ್ನು, ಬೀರು, ಗಾಜು, ಬಿಸಿಲು.  ಈ ಚಿತ್ರವನ್ನು ಅವನು ಎರಡನೆಯ ಸಲ ನೋಡಿಯೇ ಇರಲಿಲ್ಲ. ಎಲ್ಲಿ ಹಾಕಿದರೂ ತಲೆನೋವೆಂದು ತಪ್ಪಿಸಿಕೊಂಡಿದ್ದ. ಅಣ್ಣನ ಮುಖ ಗಾಜಿನಲ್ಲಿ ಮೂಡಿತು, ಕೆಳಗೆ ಏನೋ ಒಂದು ಬಿಳಿ ಬಂದು ಹೋಯಿತು.

“ಹದಿನಾಲ್ಕನೇ ದೋಷ” ಎಂದು ಮೇಡಂ ಹಿಂದಕ್ಕೆ ಎಳೆದು ನಿಲ್ಲಿಸಿದಳು. “ಇದು ಕಂಟಿನ್ಯುಟಿಯವರ ತಪ್ಪು. ಸೆಟ್ಟಿನಲ್ಲಿ ಉಳಿದುಬಿಟ್ಟಿದ್ದಾರೆ. ಇದನ್ನೇ ನಾನು ಸರ್‌ಗೆ ಬರೆದದ್ದು.”

ಪರದೆಯ ತುಂಬ ಗಾಜು. ಮೂಲೆಯಲ್ಲಿ ಅವಳು. ಇಪ್ಪತ್ತಾರು ವರ್ಷದವಳು. ಕಿವಿಯ ಹಿಂದೆ ಪೆನ್ಸಿಲ್ಲು, ಹಣೆಗೆ ಅಂಟಿದ ಕೂದಲು. ಒಕ್ಕಣ್ಣ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ. ಸಿದ್ಧ ಮಾಡಿಕೊಂಡು ಬಂದ ದೊಡ್ಡ ಮಾತು ಎಲ್ಲಿ ಹೋಯಿತೋ.

“ತಪ್ಪೇ ಅಲ್ಲ ಅನ್ಸುತ್ತೆ ಮೇಡಂ” ಎಂದ ಎತ್ತರದವನು. “ಸತ್ತುಹೋದ ತಾಯಿ ಇರಬಹುದು. ಮನೆ ಒಡೆಯೋದನ್ನ ನೋಡೋಕೆ ಬಂದಿರಬಹುದು.”

“ಕಿವಿಲಿ ಪೆನ್ಸಿಲ್ ಸಿಕ್ಕಿಸ್ಕೊಂಡು ಬರ್ತಾಳೇನೋ ತಾಯಿ?” ಎಂದು ಯಾರೋ ಅಂದು ಮತ್ತೆ ನಗು. ಅದರ ನಡುವೆ ಹಿಂದಿನ ಸಾಲಿನ ಕನ್ನಡಕದ ಹುಡುಗಿ ಎದ್ದು ನಿಂತಿದ್ದಳು.

“ಮೇಡಂ, ಇವರು ಯಾರನ್ನ ನೋಡ್ತಿದ್ದಾರೆ?”

“ಗಡಿಯಾರವನ್ನ ಇರಬೇಕು.”

“ಇಲ್ಲ ಮೇಡಂ. ಗಾಜಿನಲ್ಲಿ ಅವರ ಕಣ್ಣು ನಮಗೆ ನೇರವಾಗಿ ಕಾಣ್ತಿದೆ. ಅಂದ್ರೆ ಅವರಿಗೂ ಅದೇ ಗಾಜಿನಲ್ಲಿ ಕ್ಯಾಮೆರಾ ನೇರವಾಗಿ ಕಾಣ್ತಿರಬೇಕು. ಅವರು ಕ್ಯಾಮೆರಾ ಹಿಂದೆ ಇದ್ದವರನ್ನ ನೋಡ್ತಿದ್ದಾರೆ.”

ಒಕ್ಕಣ್ಣ ಕೂತಲ್ಲೇ ತಣ್ಣಗಾದ. ಕನ್ನಡಿಯಲ್ಲಿ ನಿನಗೆ ನಟನ ಕಣ್ಣು ಕಂಡರೆ ನಟನಿಗೆ ನೀನೂ ಕಾಣುತ್ತೀ ಎಂಬುದು ಕ್ಯಾಮೆರಾದ ಅಆಇಈ. ಎಷ್ಟು ಜನ ಸಹಾಯಕರ ತಲೆಗೆ ಮೊಟಕಿ ಅವನು ಇದನ್ನು ಕಲಿಸಿದ್ದಾನೋ ಲೆಕ್ಕವಿಲ್ಲ. ಅಂಥವನಿಗೆ ನಲವತ್ತಾರು ವರ್ಷದಲ್ಲಿ ಒಂದು ಸಲವೂ ಇದು ತನಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ತಾನು ಕದ್ದು ನೋಡುತ್ತಿದ್ದೇನೆ ಎಂದುಕೊಂಡಿದ್ದ. ಕದ್ದು ನೋಡುವವನಿಗೆ ತಾನೊಬ್ಬನೇ ನೋಡುತ್ತಿದ್ದೇನೆಂಬ ಭ್ರಮೆ.

“ಒಂದೊಂದೇ ಫ್ರೇಮು ಸರಿಸಮ್ಮ” ಎಂದ. 

ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಅರ್ಧ ಸೆಕೆಂಡಿಗೆ ಹನ್ನೆರಡು. ಮೇಡಂ ಒಂದೊಂದಾಗಿ ಸರಿಸಿದಳು. ಮೊದಲ ಮೂರರಲ್ಲಿ ಅವಳು ಕೈಯಲ್ಲಿದ್ದ ಟೈಂಪೀಸು ನೋಡುತ್ತಿದ್ದಾಳೆ. ನಾಲ್ಕರಲ್ಲಿ ತಲೆ ಎತ್ತಿದಳು. ಐದರಲ್ಲಿ ಗಾಬರಿ. ಗಾಜಿನಲ್ಲಿ ತನ್ನನ್ನೂ ತನ್ನತ್ತಲೇ ನೆಟ್ಟ ಕ್ಯಾಮೆರಾವನ್ನೂ ಕಂಡ ಗಾಬರಿ. ಆರು, ಏಳು. ಈಗ ಅವಳ ನೋಟ ಮಸೂರದ ಮೇಲಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕಿದೆ. ಆ ಪಕ್ಕದಲ್ಲಿ ಏನಿತ್ತೆಂದು ಈ ಕೋಣೆಯಲ್ಲಿ ಒಕ್ಕಣ್ಣನಿಗೊಬ್ಬನಿಗೇ ಗೊತ್ತು. ಒಂದು ಕಣ್ಣು ಕ್ಯಾಮೆರಾಕ್ಕೆ ಒತ್ತಿದಾಗಲೂ ಅವನು ಇನ್ನೊಂದನ್ನು ಮುಚ್ಚುತ್ತಿರಲಿಲ್ಲ. ಆ ತೆರೆದ ಕಣ್ಣನ್ನು ಅವಳು ನೋಡುತ್ತಿದ್ದಳು. ಎಂಟು, ಒಂಬತ್ತು. ಗಾಬರಿ ಇಳಿದಿದೆ. ತಗ್ಗಬಹುದಿತ್ತು. ತಲೆ ನಾಲ್ಕು ಬೆರಳು ಕೆಳಗೆ ಮಾಡಿದ್ದರೆ ಸಾಕಿತ್ತು, ಚೌಕಟ್ಟಿನ ಅಂಚು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಗ್ಗಲಿಲ್ಲ. ಹತ್ತು, ಹನ್ನೊಂದು. ಹನ್ನೆರಡರಲ್ಲಿ ತುಟಿಯ ಒಂದು ಕೊನೆ ಮೇಲೆ ಹೋಗಿದೆ.

ಆ ತುಟಿಯನ್ನು ಅವನು ನಲವತ್ತೆರಡು ವರ್ಷ ನೋಡಿದ್ದಾನೆ. ಗೊತ್ತಾಯ್ತು ಬಿಡಿ, ಎನ್ನುವ ತುಟಿ. ತರಕಾರಿಯವನ ಬಳಿ ಮೋಸ ಹೋಗಿ ಬಂದಾಗ, ಕದ್ದು ಸಿಗರೇಟು ಸೇದಿ ಬಂದಾಗ, ಇವನು ಬಾಯಿ ಬಿಡುವ ಮೊದಲೇ ಮೇಲೆ ಹೋಗುತ್ತಿದ್ದ ತುಟಿ.

ಹಾಗಾದರೆ ಅವಳಿಗೆ ಗೊತ್ತಿತ್ತು. ನಿರ್ದೇಶಕರ ಮುಂದೆ ಇವನು ‘ಕಾಣಲಿಲ್ಲ’ ಎಂದು ಸುಳ್ಳು ಹೇಳುವಾಗ ಗೊತ್ತಿತ್ತು. ಎರಡು ವರ್ಷ ಟೈಪು ಕುಟ್ಟುವಾಗ, ಶಾಲೆಯ ಮುಂದೆ ಇವನು ಸುಳಿಯುವಾಗ, ತಾಳಿ ಕಟ್ಟಿಸಿಕೊಂಡು ನಗುವಾಗ ಗೊತ್ತಿತ್ತು. ‘ನನ್ನ ತಪ್ಪು ಒಂದೇ ಸಲ’ ಎಂದು ಅವಳು ಸುಮ್ಮನಾಗುತ್ತಿದ್ದುದು ಕೊರಗಿನಿಂದಲ್ಲ. ಇವನ ಮಾತಿಗೆ ಜಾಗ ಬಿಡುತ್ತಿದ್ದಳು. ಈಗ ಹೇಳ್ತಾನೆ, ಈಗ ಹೇಳ್ತಾನೆ ಎಂದು ಕಾಯುತ್ತಿದ್ದಳು. ಇವನು ಪ್ರತಿ ಸಲವೂ ಅವಳನ್ನು ಕ್ಷಮಿಸಿ ಪೇಪರು ಓದಲು ಹೋಗುತ್ತಿದ್ದ. ಆಸ್ಪತ್ರೆಯಲ್ಲಿ ದಿಂಬು ಸರಿ ಮಾಡಿಸಿಕೊಂಡು ‘ಇನ್ನೇನಾದ್ರೂ ಇದೆಯಾ ಹೇಳೋದು?’ ಎಂದು ಕೇಳಿದ್ದಳು. ‘ಏನಿಲ್ಲ, ಮಲಕ್ಕೋ’ ಎಂದಿದ್ದ. ಹಾಳಾದ ಬಾಯಿ.

“ಸರ್?” ಎಂದಳು ಮೇಡಂ. “ನೀರು ತರಿಸ್ಲಾ?”

ಒಕ್ಕಣ್ಣ ಎದ್ದು ನಿಂತ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಅಳುತ್ತಿದ್ದುದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

“ಇದು ಕಂಟಿನ್ಯುಟಿಯವರ ತಪ್ಪಲ್ಲ. ನಂದು. ನನಗೆ ಅವತ್ತೇ ಕಂಡಿತ್ತು. ಕಟ್ ಅನ್ನಬೇಕಾಗಿತ್ತು, ಅನ್ನಲಿಲ್ಲ. ಆಮೇಲೆ ಕಾಣಲಿಲ್ಲ ಅಂತ ಸುಳ್ಳು ಹೇಳ್ದೆ. ಅವಳಿಗೆ ಎರಡು ವರ್ಷ ಕೆಲಸ ಹೋಯ್ತು. ಆಮೇಲೆ ನನ್ನನ್ನೇ ಮದುವೆ ಆದ್ಳು. ಬರ್ಕೊಳ್ಳಿ ಎಲ್ಲರೂ.”

ಯಾರೂ ಬರೆದುಕೊಳ್ಳಲಿಲ್ಲ.  ಕನ್ನಡಕದ ಹುಡುಗಿ ನಿಂತವಳು ಕೂರಲು ಮರೆತಿದ್ದಳು.

ಮೇಡಂ ಮೆತ್ತಗೆ, “ಹಾಗಾದ್ರೆ ಇರಲಿ ಬಿಡಿ ಸರ್. ತೆಗೆಯೋದು ಬೇಡ. ನಾವೂ ಪಾಠದಲ್ಲಿ ಹೇಳ್ತೀವಿ, ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ” ಎಂದಳು.

ಇದನ್ನೇ ಕೇಳಲು ಅವನು ಬಸ್ಸು ಹತ್ತಿ ಬಂದಿದ್ದ. ಬೇಡದೆಯೇ ಕೈಗೆ ಬಂದಿತ್ತು. ಆದರೆ ಆ ಮುಖವನ್ನು ನೋಡುತ್ತ ನಿಂತವನಿಗೆ ಬೇರೆಯೇ ಅನಿಸಿತು. ಈ ಶಾಟು ಅಣ್ಣನದು. ಅವನ ಅಳುವಿಗಾಗಿ ಹದಿಮೂರು ಜನ ಹನ್ನೊಂದು ದಿನ ಬೆವರು ಸುರಿಸಿದ್ದರು, ಅವಳು ಐವತ್ತೊಂದು ಗಡಿಯಾರ ತಿರುಗಿಸಿದ್ದಳು. ಇನ್ನು ಆ ನೋಟ, ಅದು ಒಬ್ಬನಿಗೆ ಬಂದದ್ದು. ಊರವರೆಲ್ಲ ಕೂತು ವಿಮರ್ಶೆ ಮಾಡಲು ಬಂದದ್ದಲ್ಲ.

“ಬೇಡಮ್ಮಾ, ತೆಗೀರಿ” ಎಂದ. “ಅವಳ ಕೆಲಸದಲ್ಲಿ ಒಂದೂ ತಪ್ಪಿಲ್ಲ ಅಂತ ಆಗ್ಲಿ. ನನಗೆ ತಲುಪಬೇಕಾದ್ದು ತಲುಪಿತು. ತಡವಾಗಿ ತಲುಪಿತು, ಅಷ್ಟೆ.” ಪರದೆಯ ಕಡೆ ತಿರುಗಿ, “ತೆಗೆಯೋಕೆ ಮುಂಚೆ ಒಂದು ಸಲ ಹಾಕಿ. ನಿಧಾನಕ್ಕೆ ಬೇಡ. ಅದರ ವೇಗದಲ್ಲೇ ಹೋಗ್ಲಿ. ಅವಳಿಗೆ ಒಂದು ಮಾತು ಹೇಳೋದಿದೆ” ಎಂದ.

ಮೇಡಂ ಹಿಂದಕ್ಕೆ ಎಳೆದು ಬಿಟ್ಟಳು. ಬೆನ್ನು, ಬೀರು, ಬಿಸಿಲು. ಒಕ್ಕಣ್ಣ ಪರದೆಯ ಹತ್ತಿರ ಹೋಗಿ ನಿಂತು ಗಂಟಲು ಸರಿಮಾಡಿಕೊಂಡ. ಗಾಜು ಬೆಳಗಿತು.

“ನೋಡಿದ್ದೆ ಕಣೇ,” ಎಂದ, “ನಾನು ನಿನ್ನ...”

ಅಷ್ಟರಲ್ಲಿ ಅವಳು ದಾಟಿಹೋಗಿದ್ದಳು. ಅರ್ಧ ಸೆಕೆಂಡಿನಲ್ಲಿ ಎಷ್ಟು ಮಾತು ಹಿಡಿದೀತು? ಪರದೆಯ ಮೇಲೆ ಅಣ್ಣನೊಬ್ಬನೇ ಅಳುತ್ತ ಉಳಿದ.

“ಇನ್ನೊಂದು ಸಲ ಹಾಕ್ಲಾ ಸರ್?” ಎಂದಳು ಮೇಡಂ. 

“ಹಾಕಮ್ಮ,” ಎಂದ ಒಕ್ಕಣ್ಣ, ಅಂಗಿ ನೀವಿ ನೆಟ್ಟಗೆ ನಿಂತು, “ಈ ಸಲ ಬೇಗ ಹೇಳಿಬಿಡ್ತೀನಿ.”